ಬಡಗುತಿಟ್ಟಿನಲ್ಲಿ ಅತಿನಟನೆ: ವೇಷ, ಬೆಳಕು, ದೂರ

ಬೈಂದೂರಿನಿಂದ ಬ್ರಹ್ಮಾವರದವರೆಗಿನ ಕರಾವಳಿಯಲ್ಲಿ ಯಕ್ಷಗಾನದ ಆಟ ನೋಡಿ ಬಂದವರು ಮರುದಿನ ಹೇಳುವ ವಿಮರ್ಶೆ ಬಹಳ ಚುಟುಕು: ‘ಅವ ಸ್ವಲ್ಪ ಅತಿ ಮಾಡ್ದ’. ಏನು ಅತಿಯಾಯಿತು ಎಂದು ಕೇಳಿದರೆ ಒಬ್ಬರು ಮುಖವನ್ನು ದೂರುತ್ತಾರೆ, ಇನ್ನೊಬ್ಬರು ಕುಣಿತವನ್ನು, ಮತ್ತೊಬ್ಬರು ಅರ್ಥವನ್ನು, ಅಂದರೆ ವೇಷಧಾರಿ ಆಡುವ ಮಾತನ್ನು. ತೀರ್ಪು ಒಂದೇ ಆದರೂ ಆಧಾರ ಬೇರೆಬೇರೆ. ಈ ಲೇಖನದ ವಾದ ಇಷ್ಟು: ಬಡಗುತಿಟ್ಟಿನಲ್ಲಿ ಅತಿನಟನೆಯನ್ನು ಅಭಿನಯದ ಪ್ರಮಾಣದಿಂದ ಅಳೆಯಲಾಗದು. ಒಂದು ವೇಷಕ್ಕೆ ಸಂದದ್ದನ್ನು ಇನ್ನೊಂದು ವೇಷ ಎತ್ತಿಕೊಂಡಾಗ, ಒಂದು ಬೆಳಕಿಗೆ ಒಪ್ಪಿದ್ದು ಬೇರೊಂದು ಬೆಳಕಿನಲ್ಲೂ ಹಾಗೇ ಮುಂದುವರಿದಾಗ ಅದು ಹುಟ್ಟುತ್ತದೆ.

ಇಂಗ್ಲಿಷ್ ರಂಗಭೂಮಿಯಲ್ಲೂ ಈ ದೂರು ಹಳೆಯದು. ‘ಎಮೋಟ್’ ಎಂಬ ಕ್ರಿಯಾಪದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ‘ಎಮೋಷನ್’ ಎಂಬ ನಾಮಪದವನ್ನು ಮೊಟಕುಗೊಳಿಸಿ ಅಮೆರಿಕದಲ್ಲಿ ಮಾಡಿಕೊಂಡದ್ದು. ನಟನನ್ನು ಕುರಿತು ಬಳಸಿದರೆ ಅದರಲ್ಲಿ ಲೇವಡಿ ಇದ್ದೇ ಇರುತ್ತದೆ. ಶೇಕ್ಸ್‌ಪಿಯರ್ ಇದಕ್ಕೂ ಮುನ್ನೂರು ವರ್ಷ ಹಿಂದೆಯೇ ಹ್ಯಾಮ್ಲೆಟ್‌ನ ಮೂರನೇ ಅಂಕದಲ್ಲಿ, ಹೆರಡ್ ರಾಜನನ್ನೇ ಮೀರಿಸುವಂತೆ ಅಬ್ಬರಿಸುವ ನಟರನ್ನು ಛೇಡಿಸಿದ್ದ. ಆದರೆ ಇಂಗ್ಲೆಂಡಿನ ಹಳೆಯ ಧಾರ್ಮಿಕ ನಾಟಕಗಳಲ್ಲಿ ಅಬ್ಬರವೇ ಹೆರಡ್‌ನ ಧರ್ಮ. ಕವೆಂಟ್ರಿಯ ನಾಟಕವೊಂದರ ರಂಗಸೂಚನೆ, ಅವನು ರಥದ ಮೇಲಷ್ಟೇ ಅಲ್ಲ, ಬೀದಿಗಿಳಿದೂ ರೇಗಾಡಬೇಕೆಂದು ವಿಧಿಸುತ್ತದೆ. ಅಲ್ಲಿ ವಿಧಿಯಾಗಿದ್ದದ್ದು ಡೆನ್ಮಾರ್ಕಿನ ರಾಜಕುಮಾರನಿಗೆ ದೋಷವಾಗಿ ಕಂಡಿತು.

ನಮ್ಮ ಹೆರಡ್ ಎಂದರೆ ರಾಕ್ಷಸ ಪಾತ್ರದ ಬಣ್ಣದ ವೇಷ. ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಮುಖದಲ್ಲಿ ಹುಬ್ಬು, ಕೆನ್ನೆಗಳ ಸಣ್ಣ ಚಲನೆ ಕಾಣುವುದೇ ಇಲ್ಲ. ಮುಖ ಮುಚ್ಚಿದ್ದನ್ನು ಸ್ವರ ಮತ್ತು ಮೈ ತುಂಬಬೇಕು. ತೆರೆಯ ಹಿಂದಿನ ಆರ್ಭಟ, ಚೆಂಡೆಯ ಪೆಟ್ಟಿಗೆ ಹೊಂದಿಸಿದ ಅಟ್ಟಹಾಸ, ಭಾರವಾದ ಹೆಜ್ಜೆ ಇವೆಲ್ಲ ಅಲ್ಲಿ ಶಾಸ್ತ್ರ. ಅದೇ ಆರ್ಭಟವನ್ನು ಅರ್ಜುನ ಮಾಡಿದರೆ ಚೌಕಿಯಲ್ಲೇ ಯಾರಾದರೂ ಹಿರಿಯರು ಗದರುತ್ತಾರೆ. ಮಂಡಿ ಕುಣಿತವೂ ಹಾಗೆಯೇ. ಚಕ್ರವ್ಯೂಹದೊಳಗೆ ಸಿಕ್ಕಿದ ಅಭಿಮನ್ಯು ಮೊಣಕಾಲಲ್ಲಿ ಸುತ್ತುವಾಗ ಹದಿಹರೆಯದ ಕೆಚ್ಚು ಕಣ್ಣಿಗೆ ಕಟ್ಟುತ್ತದೆ. ಸಂಧಾನಕ್ಕೆ ಬಂದ ಕೃಷ್ಣನೂ ಮಂಡಿ ಹಾಕತೊಡಗಿದರೆ ಪ್ರೇಕ್ಷಕರು ಸುತ್ತು ಎಣಿಸುತ್ತಾರೆ, ಶಿಳ್ಳೆಯೂ ಬೀಳುತ್ತದೆ, ಸಂಧಾನ ಮಾತ್ರ ಮರೆತುಹೋಗುತ್ತದೆ.

ಭರತನ ನಿಲುವು ಇಲ್ಲಿ ಕುತೂಹಲದ್ದು. ಸತ್ತ್ವ ಅತಿರಿಕ್ತವಾಗಿರುವ ಅಭಿನಯವನ್ನು ಅವನು ಉತ್ತಮವೆಂದೂ ಸಮವಾಗಿರುವುದನ್ನು ಮಧ್ಯಮವೆಂದೂ ಕರೆಯುತ್ತಾನೆ. ಹೆಚ್ಚಾದದ್ದೆಲ್ಲ ದೋಷ ಎಂಬ ನಂಬಿಕೆಗೆ ನಾಟ್ಯಶಾಸ್ತ್ರದ ಬೆಂಬಲ ಸಿಗದು. ಎರಡನೇ ಅಧ್ಯಾಯದಲ್ಲಿ ಅವನು ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ನಾಟ್ಯಮಂಟಪ ಸಾಕೆಂದು ಹೇಳಿ ಕಾರಣವನ್ನೂ ಕೊಡುತ್ತಾನೆ: ಅದಕ್ಕಿಂತ ದೊಡ್ಡದಾದರೆ ಸ್ವರ ಕೆಡುತ್ತದೆ, ಮುಖದ ಭಾವ ಅಸ್ಪಷ್ಟವಾಗುತ್ತದೆ. ಅಭಿನಯದ ಹದ ನೋಡುವವನ ದೂರಕ್ಕೆ ಕಟ್ಟುಬಿದ್ದದ್ದು ಎಂಬ ತಿಳಿವಳಿಕೆ ಇದರಲ್ಲಿದೆ.

ಗದ್ದೆಯ ಬಯಲಾಟಕ್ಕೆ 64 ಹಸ್ತದ ಮಿತಿ ಎಲ್ಲಿಯದು? ದೊಂದಿಯ ಕಾಲದಲ್ಲಿ ಉರಿ ಅಲುಗಿದಂತೆ ಮುಖವೂ ಅಲುಗುತ್ತಿತ್ತು. ಹಿಂದಿನ ಸಾಲಿಗೆ ತಲುಪುತ್ತಿದ್ದದ್ದು ವೇಷದ ಆಕೃತಿ, ನಿಂತ ಭಂಗಿ ಮತ್ತು ಮೈಕಿಲ್ಲದ ಕಂಠ. ಆ ವ್ಯವಸ್ಥೆಯಲ್ಲಿ ಬೆಳೆದ ದೊಡ್ಡ ಮೌಲ್ಯಕ್ಕೆ ನಮ್ಮವರು ಹೇಳುವುದು ಗತ್ತು. ಬ್ರಹ್ಮಾವರದ ಮಗ್ಗುಲಲ್ಲೇ ಇರುವ ಹಾರಾಡಿ ಮತ್ತು ಮಟಪಾಡಿ ಎರಡು ತಿಟ್ಟುಗಳಿಗೇ ಹೆಸರು ಕೊಟ್ಟ ಊರುಗಳು. ಹಾರಾಡಿಯದು ಗತ್ತು, ಗಾಂಭೀರ್ಯ. ಮಟಪಾಡಿಯದು ಹೆಜ್ಜೆಗಾರಿಕೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಹಾರಾಡಿ ರಾಮಗಾಣಿಗರ ವೇಷ ರಂಗಸ್ಥಳಕ್ಕೆ ಬಂದು ನಿಂತದ್ದನ್ನು ನೆನೆಯುವವರು ಅವರ ಮುಖಭಾವಕ್ಕಿಂತ ಮೊದಲು ಆ ನಿಲುವನ್ನೇ ವರ್ಣಿಸುತ್ತಾರೆ. ಏನೂ ಮಾಡದೆ ನಿಲ್ಲುವುದೂ ಒಂದು ಅಭಿನಯ ಎಂದು ಇವರಿಗೆ ಯಾವ ರಂಗಶಾಲೆಯೂ ಹೇಳಿಕೊಡಬೇಕಾಗಿರಲಿಲ್ಲ.

ಗ್ಯಾಸ್‌ಲೈಟು, ಆಮೇಲೆ ವಿದ್ಯುದ್ದೀಪ, ಮೈಕು, ಟಿಕೆಟ್ಟಿನ ಡೇರೆ ಬಂದ ಮೇಲೆ ಲೆಕ್ಕ ಬದಲಾಯಿತು. ಮಂದಾರ್ತಿ, ಮಾರಣಕಟ್ಟೆ, ಸೌಕೂರು, ಕಮಲಶಿಲೆಯ ಹರಕೆ ಮೇಳಗಳಿಗೆ ಆಟ ಆಡಿಸುವವರು ಹರಕೆ ಹೊತ್ತ ಭಕ್ತರು. ಡೇರೆ ಮೇಳ ಬದುಕಬೇಕಾದ್ದು ಗೇಟಿನ ಗಳಿಕೆಯಿಂದ. ಸಾಲಿಗ್ರಾಮ ಮೇಳದಲ್ಲಿ ಕಾಳಿಂಗ ನಾವಡರ (1958–1990) ಭಾಗವತಿಕೆ, ಅವರೇ ಬರೆದ ‘ನಾಗಶ್ರೀ’ಯಂಥ ಕಲ್ಪಿತ ಪ್ರಸಂಗ ಜನರನ್ನು ಸೆಳೆದ ಬಗೆ ಇಂದಿಗೂ ಮಾತಿನ ವಸ್ತು. ಪುರಾಣದ ಪಾತ್ರಕ್ಕೆ ಪರಂಪರೆ ಹಾಕಿಕೊಟ್ಟ ಗೆರೆ ಇರುತ್ತದೆ. ಕಲ್ಪಿತ ಪ್ರಸಂಗದ ಪ್ರೇಮಿಗೆ ಗೆರೆ ಎಳೆಯುವವನು ನಟನೇ. ಅಲ್ಲಿ ಸಿನಿಮಾದ ನೆರಳು ಬಿದ್ದದ್ದು ಸಹಜ.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಉದಾಹರಣೆ ಈ ಚರ್ಚೆಗೆ ಅತ್ಯಗತ್ಯ. ಉತ್ತರ ಕನ್ನಡದಿಂದ ಬಂದ ಈ ಕಲಾವಿದರು ಕೋಟದ ಅಮೃತೇಶ್ವರಿ ಮೇಳದಲ್ಲೂ ಕುಣಿದವರು. 2012ರಲ್ಲಿ ಪದ್ಮಶ್ರೀ ಪಡೆದವರು. ಅವರ ಕೀಚಕ ಸೈರಂಧ್ರಿಯನ್ನು ಕಂಡ ಕ್ಷಣದಿಂದ ಕಣ್ಣು, ಕೊರಳು, ಬೆರಳು ಎಲ್ಲದರಲ್ಲೂ ಕಾಮವನ್ನು ಆಡಿಸುತ್ತಿದ್ದ. ಗತ್ತಿನ ಮಾನದಂಡದಿಂದ ನೋಡಿದರೆ ಇದು ಅತಿ. ನನ್ನ ದೃಷ್ಟಿಯಲ್ಲಿ ಹಾಗಲ್ಲ. ಕೀಚಕನ ರೋಗವೇ ಮಿತಿ ತಪ್ಪುವುದು, ಮತ್ತು ಚಿಟ್ಟಾಣಿಯವರ ಭಾವಾಭಿನಯ ತಾಳದ ಹಿಡಿತ ಬಿಟ್ಟು ಹೋಗುತ್ತಿರಲಿಲ್ಲ. ಪದ್ಯದ ಒಂದು ಸೊಲ್ಲನ್ನು ಎಷ್ಟು ಹಿಗ್ಗಿಸಿದರೂ ಮದ್ದಳೆಯ ಮುಕ್ತಾಯಕ್ಕೆ ಹೆಜ್ಜೆ ಬಂದು ಕೂಡುತ್ತಿತ್ತು. ತೊಂದರೆ ಶುರುವಾದದ್ದು ಅನುಕರಿಸಿದವರಿಂದ. ಕೀಚಕನಿಗೆ ಹೊಂದಿದ ಕೊರಳಾಟವನ್ನು ಅವರು ಸುಧನ್ವನಿಗೂ ಅಂಟಿಸಿದರು.

ಕೋಟದಲ್ಲೇ ಹುಟ್ಟಿದ ಶಿವರಾಮ ಕಾರಂತರು ಬೇರೆ ದಾರಿ ಹಿಡಿದರು. ‘ಯಕ್ಷಗಾನ ಬಯಲಾಟ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು ಮಾತಿನ ಅಬ್ಬರವೇ ರಸಕ್ಕೆ ಶತ್ರು ಎಂದು ಬಗೆದು, ತಮ್ಮ ಯಕ್ಷಗಾನ ಬ್ಯಾಲೆಗಳಲ್ಲಿ ಅರ್ಥವನ್ನೇ ತೆಗೆದುಹಾಕಿದರು, ಪಿಟೀಲು, ಸ್ಯಾಕ್ಸೋಫೋನ್ ತಂದರು. ಅತಿಮಾತಿಗೆ ಈ ಮದ್ದು ಪರಿಣಾಮಕಾರಿಯಾದರೂ, ಮಾತಿನ ತಡೆ ಹೋದಾಗ ಭಾವದ ಪೂರ್ತಿ ಹೊಣೆ ಮೈ ಮತ್ತು ಮುಖದ ಮೇಲೆ ಬೀಳುತ್ತದೆ. ಬಡಗಿನ ವೇಷಧಾರಿ ಅರ್ಥ ಹೇಳುವಾಗ ದೇಹಕ್ಕೆ ಸಿಗುತ್ತಿದ್ದ ವಿರಾಮವೂ ಮಿತಿಯ ಒಂದು ಸಾಧನವಾಗಿತ್ತೆಂಬುದು ಈ ಪ್ರಯೋಗಗಳಲ್ಲಿ ಗಣನೆಗೆ ಬಂದಂತಿಲ್ಲ.

ಮುಖವೇ ಅಲುಗದ ರಂಗವೂ ಇದೇ ಸೀಮೆಯಲ್ಲಿದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಕಾಮತ್ ಮನೆತನದ ಸೂತ್ರದ ಗೊಂಬೆಗಳು ಬಡಗುತಿಟ್ಟಿನದೇ ವೇಷಭೂಷಣ ತೊಟ್ಟಿವೆ. ಮರದಲ್ಲಿ ಕೆತ್ತಿದ ಹುಬ್ಬು ಏರದು, ತುಟಿ ನಡುಗದು. ತಲೆ ಒಂದಿಷ್ಟು ಬಾಗುತ್ತದೆ, ಕೈ ಎದೆಗೆ ಬರುತ್ತದೆ, ಭಾಗವತರ ಸ್ವರ ಉಳಿದುದನ್ನು ಮಾಡುತ್ತದೆ. ಕಣ್ಣೀರು ಕಂಡೆವೆಂದು ನೋಡಿದವರು ಹೇಳುತ್ತಾರೆ. ಪ್ರೇಕ್ಷಕರು ತಾವಾಗಿ ತುಂಬಿಕೊಳ್ಳುವ ಪಾಲು ಎಷ್ಟೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ.

ಈಚಿನ ಕಾಲಮಿತಿ ಪ್ರಯೋಗಗಳಲ್ಲಿ ಒಡ್ಡೋಲಗ ಕುಗ್ಗಿ, ಭಾವದ ಶಿಖರಗಳು ಹತ್ತಿರ ಹತ್ತಿರ ಬಂದಿವೆ. ಮೊಬೈಲಿನ ಕ್ಯಾಮೆರಾ ವೇಷದ ಮುಖಕ್ಕೆ ಮಾರು ದೂರದಿಂದ ನೋಡುತ್ತದೆ. ಗದ್ದೆಯ ಕೊನೆಗೆ ತಲುಪಲೆಂದು ಮಾಡಿದ ಅಭಿನಯ ಅಂಗೈಯಗಲದ ಪರದೆಯಲ್ಲಿ ವಿಕಾರವಾಗಿ ಕಾಣುತ್ತದೆ. ಇಂಥ ತುಣುಕುಗಳನ್ನೇ ಆಕರವಾಗಿಟ್ಟುಕೊಂಡು ಅಭಿನಯದ ಗುಣದೋಷ ಹೇಳುವ ಬರಹಗಳು ಹೆಚ್ಚುತ್ತಿರುವುದರಿಂದ, ದಾಖಲಿಸುವವರು ಪ್ರಸಂಗ, ಕಲಾವಿದರ ಹೆಸರಿನ ಜೊತೆಗೆ ಕ್ಯಾಮೆರಾ ಇಟ್ಟ ದೂರ, ದೀಪದ ಬಗೆ, ಮೈಕಿನ ಸ್ಥಾನ, ಆಟ ಹರಕೆಯದೋ ಡೇರೆಯದೋ ಎಂಬ ವಿವರವನ್ನೂ ಬರೆದಿಡಬೇಕು. ‘ಅತಿ’ ಎಂಬ ಆಕ್ಷೇಪವನ್ನು ಪರೀಕ್ಷಿಸಲು ಆಗ ಸಾಮಗ್ರಿ ಸಿಕ್ಕೀತು.