ಅಳಿವೆಯಿಂದ ಆಳಕಡಲಿಗೆ: ಮಂಗಳೂರಿನ ಕಡಲಡಿಯ ಕಾಮಗಾರಿಗಳು

ಮಂಗಳೂರಿನ ಹಳೆ ಬಂದರಿಗೆ ದೊಡ್ಡ ಹಡಗು ಬರಲಾಗುತ್ತಿರಲಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯಲ್ಲಿ ವರ್ಷವರ್ಷವೂ ಮರಳಿನ ದಿಬ್ಬ ಕಟ್ಟುತ್ತಿತ್ತು. ಉಗಿಹಡಗುಗಳು ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. ಹೆಂಚು, ಕಾಫಿ, ಗೇರುಬೀಜ ತುಂಬಿದ ಮಂಜಿ, ಮಚ್ವೆ ದೋಣಿಗಳು ದಕ್ಕೆಯಿಂದ ಹೊರಟು ಅಳಿವೆ ದಾಟಿ, ಅಲೆಯ ಹೊಯ್ದಾಟದಲ್ಲೇ ಸರಕನ್ನು ಹಡಗಿಗೆ ಏರಿಸಬೇಕಿತ್ತು. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚು ದೇಶವಿದೇಶಗಳಿಗೆ ಹೋದದ್ದು ಈ ದಾರಿಯಲ್ಲೇ. ಮಳೆಗಾಲ ಬಂತೆಂದರೆ ಬಂದರು ಮುಚ್ಚುತ್ತಿತ್ತು. ಮಂಜಿಗಳನ್ನು ದಡಕ್ಕೆಳೆದು ಮಡಲಿನ ಚಪ್ಪರದ ಕೆಳಗೆ ನಿಲ್ಲಿಸುತ್ತಿದ್ದರು.

ಕರಾವಳಿ ಕರ್ನಾಟಕದಲ್ಲಿ ಕಡಲಿನ ತಳದ ಮೇಲೆ ನಡೆದ ಬಹುತೇಕ ಕೆಲಸಗಳ ಹಿಂದೆ ಇರುವುದು ಈ ಒಂದೇ ತೊಡಕು. ಇಲ್ಲಿನ ಸಮುದ್ರ ದಡದ ಹತ್ತಿರ ಆಳವಿಲ್ಲ. ತಳ ನಿಧಾನವಾಗಿ ಇಳಿಯುತ್ತ ಹೋಗುತ್ತದೆ, ಅದರ ಮೇಲಿನ ಹೂಳು ಮೆತ್ತಗಿದೆ, ಮುಂಗಾರಿನ ಅಲೆ ಅದನ್ನು ಕದಡಿ ಎಬ್ಬಿಸುತ್ತದೆ. ಆಳ ಬೇಕೆಂದರೆ ಅಗೆಯಬೇಕು, ಇಲ್ಲವೇ ಆಳವಿರುವಲ್ಲಿಗೆ ಹೋಗಬೇಕು. ಮಂಗಳೂರು ಮೊದಲು ಅಗೆಯಿತು, ಸುಮಾರು ನಲವತ್ತು ವರ್ಷಗಳ ನಂತರ ಆಳವಿರುವಲ್ಲಿಗೆ ಹೋಯಿತು.

ಅಗೆಯುವ ಯೋಜನೆಗೆ ದೆಹಲಿಯಲ್ಲಿ ಪಟ್ಟು ಹಿಡಿದವರು ಲೋಕಸಭಾ ಸದಸ್ಯ ಉಳ್ಳಾಲ ಶ್ರೀನಿವಾಸ ಮಲ್ಯ. ಬಜಪೆಯ ವಿಮಾನ ನಿಲ್ದಾಣ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಪಣಂಬೂರಿನ ಬಂದರು ಮೂರರಲ್ಲೂ ಅವರ ಪಾಲು ದೊಡ್ಡದು. ಹಳೆ ಬಂದರಿನಿಂದ ಉತ್ತರಕ್ಕೆ ಸುಮಾರು 10 ಕಿ.ಮೀ. ದೂರದ ಪಣಂಬೂರಿನಲ್ಲಿ 1962ರಲ್ಲಿ ಕೆಲಸ ಆರಂಭವಾಯಿತು. ಮಲ್ಯರು 1965ರಲ್ಲಿ ತೀರಿಕೊಂಡರು. ಬಂದರು ಮುಗಿದದ್ದನ್ನು ಅವರು ನೋಡಲಿಲ್ಲ. 1974ರ ಮೇ 4ರಂದು ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು, 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು.

ನವಮಂಗಳೂರು ಬಂದರಿಗೆ ನಿಸರ್ಗ ಕೊಟ್ಟ ಕೊಲ್ಲಿಯಿಲ್ಲ. ದಡದ ಒಳಗೆ ನೆಲ ಅಗೆದು ಕೊಳ ತೋಡಿ, ಅದರೊಳಗೆ ಕಡಲಿನ ನೀರು ಬಿಡಲಾಗಿದೆ. ಕೊಳದ ಬಾಯಿಯ ಎರಡೂ ಬದಿಗೆ ಕಲ್ಲುಬಂಡೆಗಳನ್ನು ಸುರಿದು ಅಲೆತಡೆಗಳನ್ನು ಕಟ್ಟಿದರು. ಆ ಬಾಯಿಯಿಂದ ಆಳನೀರಿನವರೆಗೆ ಏಳೂವರೆ ಕಿ.ಮೀ. ಉದ್ದದ ಕಾಲುವೆಯನ್ನು ಕಡಲಿನ ತಳದಲ್ಲೇ ಕೊರೆದರು. ಅಲೆ ಯಾವ ದಿಕ್ಕಿನಿಂದ ಬಂದು ಹೇಗೆ ಮುರಿಯುತ್ತದೆ, ಹೂಳು ಎಲ್ಲಿ ಕೂರುತ್ತದೆ ಎಂಬುದನ್ನು ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಮಾದರಿಗಳನ್ನು ಕಟ್ಟಿ ಅಧ್ಯಯನ ಮಾಡಲಾಯಿತು. ಆದರೂ ಈ ಕಾಲುವೆ ಒಮ್ಮೆ ತೋಡಿದರೆ ಮುಗಿಯುವಂಥದ್ದಲ್ಲ. ಪ್ರತಿ ಮುಂಗಾರೂ ಕದಡಿದ ಕೆಸರನ್ನು ತಂದು ಅದರಲ್ಲಿ ಇಳಿಸುತ್ತದೆ. ಮಳೆ ನಿಂತ ಮೇಲೆ ಡ್ರೆಡ್ಜರ್‌ಗಳು ಬಂದು ಹೂಳೆತ್ತಬೇಕು. ಬಂದರಿನ ಖರ್ಚಿನಲ್ಲಿ ವರ್ಷವೂ ತಪ್ಪದ ಬಾಬತ್ತು ಇದು.

ಬಂದರಿನ ಜಾಗದಲ್ಲಿ ಊರುಗಳಿದ್ದವು. ಪಣಂಬೂರು ಮತ್ತು ಸುತ್ತಲ ಗ್ರಾಮಗಳ ಜನ ಗದ್ದೆ, ತೆಂಗಿನ ತೋಟ, ದೈವಸ್ಥಾನಗಳನ್ನು ಬಿಟ್ಟು ಒಳನಾಡಿನ ಕಾಟಿಪಳ್ಳ, ಕೃಷ್ಣಾಪುರದ ಗುಡ್ಡಗಳ ಮೇಲಿನ ನಿವೇಶನಗಳಿಗೆ ಹೋದರು. ಮರಳು ನೆಲದಲ್ಲಿ ಬಾವಿ ತೋಡಿದರೆ ಕೈಗೆಟಕುವಷ್ಟರಲ್ಲೇ ನೀರು ಕಾಣುತ್ತಿದ್ದವರಿಗೆ ಮುರಕಲ್ಲಿನ ಗುಡ್ಡದ ಮೇಲಿನ ಬದುಕು ಹೊಸದು. ಬಂದರಿನ ಚರಿತ್ರೆ ಬರೆಯುವಾಗ ಟನ್ನುಗಳ ಲೆಕ್ಕಕ್ಕಿಂತ ಮೊದಲು ಬರಬೇಕಾದದ್ದು ಈ ಕುಟುಂಬಗಳ ಮಾತು. ಬಂದರಿನ ಕೊಳ ಇರುವುದು ಅವರ ಗದ್ದೆಗಳಿದ್ದ ಜಾಗದಲ್ಲಿ.

ಉದ್ಘಾಟನೆಯ ನಂತರದ ಸುಮಾರು ಇಪ್ಪತ್ತು ವರ್ಷಗಳಲ್ಲಿ ಬಂದರಿನ ಬೆನ್ನಿಗೆ ಕಾರ್ಖಾನೆಗಳು ಬಂದವು. ಕುದುರೆಮುಖದ ಕಬ್ಬಿಣದ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟದಿಂದ ಪಣಂಬೂರಿಗೆ ಇಳಿಸಲಾಗುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಬಂದರಿನ ಪಕ್ಕದಲ್ಲೇ 1976ರಲ್ಲಿ ಗೊಬ್ಬರ ತಯಾರಿ ಆರಂಭಿಸಿದ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್‌ನ ಯೂರಿಯಾದ ಚೀಲ ಒಳನಾಡಿಗೂ ಹೋಗುತ್ತ ಬಂದಿದೆ. ಕೃಷ್ಣಾ, ತುಂಗಭದ್ರಾ ಕಾಲುವೆಗಳ ಕೆಳಗೆ ಭತ್ತ, ಹತ್ತಿ ಬೆಳೆಯುವ ರಾಯಚೂರು ಜಿಲ್ಲೆಯ ಅರಕೇರಾ, ದೇವದುರ್ಗ, ಮಾನ್ವಿಯ ರೈತರಿಗೆ ಪಣಂಬೂರು ದೂರವೆನಿಸಬಹುದು. ಗೊಬ್ಬರದ ಲೆಕ್ಕದಲ್ಲಿ ಅದು ಅವರ ಊರಿನ ಬಂದರೂ ಹೌದು. 1988ರಲ್ಲಿ ಸ್ಥಾಪನೆಯಾದ ಎಂಆರ್‌ಪಿಎಲ್ ಎಣ್ಣೆ ಸಂಸ್ಕರಣಾಗಾರ 1996ರಲ್ಲಿ ಕೆಲಸ ಆರಂಭಿಸಿ, 2003ರಲ್ಲಿ ಒಎನ್‌ಜಿಸಿಯ ಕೈಸೇರಿತು. ವರ್ಷಕ್ಕೆ 30 ಲಕ್ಷ ಟನ್ನಿನಿಂದ ಆರಂಭವಾದ ಅದರ ಸಾಮರ್ಥ್ಯ 150 ಲಕ್ಷ ಟನ್ನಿಗೆ ಏರಿತು.

ಕಡಲಿನ ತಳಕ್ಕೆ ಮತ್ತೆ ಇಳಿಯಬೇಕಾದದ್ದು ಈ ಎಣ್ಣೆಗಾಗಿ. ಕೊಲ್ಲಿ ದೇಶಗಳಿಂದ ಕಚ್ಚಾತೈಲ ತರುವ ಅತಿ ದೊಡ್ಡ ಟ್ಯಾಂಕರ್ ಎರಡೂವರೆಯಿಂದ ಮೂರು ಲಕ್ಷ ಟನ್ ಹೊರುತ್ತದೆ. ತುಂಬಿದಾಗ ನೀರಿನೊಳಗೆ 20 ಮೀಟರಿಗೂ ಹೆಚ್ಚು ಇಳಿದಿರುತ್ತದೆ. ಸುಮಾರು 15 ಮೀಟರ್ ಆಳದ ಬಂದರಿನ ಕಾಲುವೆಗೆ ಅದು ಬರಲು ಸಾಧ್ಯವಿಲ್ಲ. ಸಣ್ಣ ಟ್ಯಾಂಕರ್‌ಗಳಲ್ಲಿ ತಂದರೆ ಸಾಗಣೆ ದುಬಾರಿ. ಹೀಗಾಗಿ ದಡದಿಂದ ಸುಮಾರು 16 ಕಿ.ಮೀ. ಆಚೆ, 30 ಮೀಟರ್ ಆಸುಪಾಸಿನ ಆಳದಲ್ಲಿ, ಸಿಂಗಲ್ ಪಾಯಿಂಟ್ ಮೂರಿಂಗ್ ಎಂಬ ವ್ಯವಸ್ಥೆ 2013ರಲ್ಲಿ ಬಳಕೆಗೆ ಬಂತು. ಕರಾವಳಿಯಲ್ಲಿ ಎಲ್ಲರೂ ಅದನ್ನು ಎಸ್‌ಪಿಎಂ ಎಂದೇ ಕರೆಯುತ್ತಾರೆ.

ಮೇಲಿಂದ ನೋಡಿದರೆ ಎಸ್‌ಪಿಎಂ ಎಂದರೆ ನೀರಿನ ಮೇಲೆ ತೇಲುವ ದುಂಡನೆಯ ಉಕ್ಕಿನ ಬೋಯ್, ಅಷ್ಟೆ. ಕೆಲಸವೆಲ್ಲ ಕೆಳಗಿದೆ. ಭಾರಿ ಸರಪಳಿಗಳು ಬೋಯನ್ನು ಎಲ್ಲ ದಿಕ್ಕಿನಿಂದ ಎಳೆದು ತಳಕ್ಕೆ ಬಿಗಿದಿರುತ್ತವೆ. ಟ್ಯಾಂಕರ್‌ನ ಮೂತಿಯನ್ನು ದಪ್ಪ ಹಗ್ಗದಿಂದ ಬೋಯ್‌ಗೆ ಕಟ್ಟುತ್ತಾರೆ. ಗೂಟಕ್ಕೆ ಕಟ್ಟಿದ ಎತ್ತಿನಂತೆ ಹಡಗು ಗಾಳಿ, ಸೆಳೆತ ಬದಲಾದ ಹಾಗೆ ಅದರ ಸುತ್ತ ತಿರುಗುತ್ತದೆ. ಬೋಯ್‌ನ ಮೇಲ್ಭಾಗವೂ ಹಡಗಿನೊಂದಿಗೆ ತಿರುಗುವುದರಿಂದ ಕೊಳವೆಗಳು ಸುತ್ತಿಕೊಳ್ಳುವುದಿಲ್ಲ. ತೇಲುವ ರಬ್ಬರ್ ಕೊಳವೆಗಳಲ್ಲಿ ಎಣ್ಣೆ ಟ್ಯಾಂಕರ್‌ನಿಂದ ಬೋಯ್‌ಗೆ, ಅಲ್ಲಿಂದ ಬಾಗಬಲ್ಲ ಕೊಳವೆಗಳಲ್ಲಿ ತಳದ ಮೇಲೆ ಕೂರಿಸಿದ ಕವಾಟಗಳ ಚೌಕಟ್ಟಿಗೆ, ಅಲ್ಲಿಂದ 48 ಇಂಚಿನ ಉಕ್ಕಿನ ಕೊಳವೆಯಲ್ಲಿ ದಡಕ್ಕೆ ಬರುತ್ತದೆ. ಬರಿಯ ಕೊಳವೆ ಖಾಲಿಯಿದ್ದಾಗ ತೇಲಿಬಿಡುತ್ತದೆ. ಅದಕ್ಕಾಗಿ ಕಾಂಕ್ರೀಟಿನ ಕವಚ ಹೊದಿಸಿ, ಬಾರ್ಜಿನ ಮೇಲೆ ತುಂಡುತುಂಡಾಗಿ ವೆಲ್ಡ್ ಮಾಡುತ್ತ ತಳಕ್ಕಿಳಿಸುವುದು ಇಂಥ ಕೆಲಸದ ಕ್ರಮ. ಒಂದೊಂದು ಬೆಸುಗೆಯನ್ನೂ ಕ್ಷಕಿರಣದಿಂದ ಪರೀಕ್ಷಿಸಿಯೇ ನೀರಿಗೆ ಬಿಡಬೇಕು. ಒಮ್ಮೆ ಇಳಿದ ಮೇಲೆ ಅದನ್ನು ಮತ್ತೆ ಎತ್ತಿ ನೋಡುವುದು ಬಹು ಕಷ್ಟ. ಇಂಥ ಕೆಲಸಕ್ಕೆ ಮುಂಗಾರು ಸರಿದ ಮೇಲಿನ ಕೆಲವೇ ತಿಂಗಳು ಸಿಗುತ್ತವೆ. ಆಮೇಲೆ ಮುಳುಗುಗಾರರ ಪಾಳಿ: ಸರಪಳಿ ಸವೆದಿದೆಯೇ, ಕೊಳವೆಯ ಜೋಡಣೆ ಬಿಗಿಯಾಗಿದೆಯೇ, ಚಿಪ್ಪು ಬೆಳೆದಿದೆಯೇ ಎಂದು ಕದಡಿದ ನೀರಿನಲ್ಲಿ ಕೈಯಿಂದ ತಡವಿ ನೋಡಬೇಕಾದ ಸಂದರ್ಭಗಳೂ ಬರುತ್ತವೆ.

ಹೀಗೆ ಬಂದ ತೈಲ ಎಂಆರ್‌ಪಿಎಲ್‌ಗಷ್ಟೇ ಅಲ್ಲ, ದೇಶದ ಆಪತ್ಕಾಲದ ದಾಸ್ತಾನಿಗೂ ಹೋಗುತ್ತದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಕಾಪು ಬಳಿಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವ ಗುಹೆಗಳನ್ನು ಬಂಡೆಯಲ್ಲಿ ಕೊರೆಯಲಾಗಿದೆ. ಸುತ್ತಲ ಬಂಡೆಯ ಬಿರುಕುಗಳಲ್ಲಿ ತುಂಬಿದ ಅಂತರ್ಜಲದ ಒತ್ತಡವೇ ಎಣ್ಣೆಯನ್ನು ಒಳಗೆ ಹಿಡಿದಿಡುತ್ತದೆ.

ಕಡಲಿನ ಇಂಥ ಕೆಲಸಕ್ಕೆ ಬೇಕಾದ ವಿದ್ಯೆ ಪಕ್ಕದಲ್ಲೇ ಇತ್ತು. 1960ರಲ್ಲಿ ಸುರತ್ಕಲ್ಲಿನಲ್ಲಿ ಸ್ಥಾಪನೆಯಾದ ಇಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿ, ಈಗಿನ ಎನ್‌ಐಟಿಕೆ, ಕಡಲಕಟ್ಟಡಗಳ ವಿಷಯದಲ್ಲಿ ಸ್ನಾತಕೋತ್ತರ ಶಿಕ್ಷಣ ಕೊಡುತ್ತ ಬಂದಿದೆ. ಅಲೆತಡೆಗಳ ಮೇಲಿನ ಪ್ರಯೋಗಗಳಿಗೆ ಅಲ್ಲಿನ ಪ್ರಯೋಗಾಲಯ ಹೆಸರುವಾಸಿ. 1974ರಲ್ಲಿ ಮುಂಬಯಿಯಾಚೆಯ ಕಡಲಿನ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕ ಮೇಲೆ, ಅದೇ ಕಾಲದಲ್ಲಿ ಕೊಲ್ಲಿ ದೇಶಗಳ ತೈಲ ಉದ್ಯಮ ಬೆಳೆದ ಮೇಲೆ, ಕರಾವಳಿಯ ತರುಣರಿಗೆ ವೆಲ್ಡರ್, ಫಿಟ್ಟರ್, ರಿಗ್ಗರ್ ಕೆಲಸಗಳು ಆಸೆ ಹುಟ್ಟಿಸಿದವು. ಆ ಸೆಳೆತ ಅವರನ್ನು ಒಯ್ದದ್ದು ಮಾತ್ರ ಮುಂಬಯಿ, ಅಬುಧಾಬಿಗಳ ಕಡೆಗೆ. ತಮ್ಮೂರಿನ ಎದುರಿಗೇ ನಡೆಯುವ ಕಡಲ ಕಾಮಗಾರಿಯಲ್ಲಿ ಬಾರ್ಜು, ಮುಳುಗುಗಾರರ ತಂಡ, ಪರಿಣತರು ಹೆಚ್ಚಾಗಿ ಹೊರಗಿನ ಗುತ್ತಿಗೆದಾರರೊಂದಿಗೆ ಬರುತ್ತಾರೆ. ದಡದ ಮೇಲೆ ಗುಂಡಿ ತೋಡುವ, ಕಾಂಕ್ರೀಟು ಹೊರುವ ಕೆಲಸಕ್ಕೆ ರಾಯಚೂರು, ಕೊಪ್ಪಳ, ಬಾಗಲಕೋಟೆಗಳಿಂದ ಗುಳೆ ಬಂದವರು ಸಿಗುತ್ತಾರೆ. ಭೂಮಿ ಕೊಟ್ಟವರ ಮನೆಯ ಮಕ್ಕಳಿಗೆ ಉದ್ಯೋಗ ಎಂಬ ಮಾತು ದಶಕಗಳ ಕಾಲ ಮನವಿ, ಧರಣಿಗಳ ವಿಷಯವಾಗಿಯೇ ಉಳಿದದ್ದು ನ್ಯಾಯವಲ್ಲ.

ಮೀನುಗಾರರ ತಕರಾರು ಇನ್ನೊಂದು ಬಗೆಯದು. ಬೆಂಗ್ರೆ, ತಣ್ಣೀರುಬಾವಿ, ಕುಳಾಯಿ, ಹೊಸಬೆಟ್ಟು, ಮುಕ್ಕದ ಮೊಗವೀರರು ಹಿಂದೆ ರಂಪಣಿ ಬಲೆಯನ್ನು ಊರಿಗೆ ಊರೇ ಸೇರಿ ದಡದಿಂದಲೇ ಎಳೆಯುತ್ತಿದ್ದರು. ಅಲೆತಡೆ ಎದ್ದ ಕಡೆ ಆ ದಡವಿಲ್ಲ, ಬೋಯ್ ಇರುವ ಸುತ್ತ ಬಲೆ ಬೀಸುವಂತಿಲ್ಲ. ಎಣ್ಣೆ ಒಳಗೆ ತರುವ ಕೊಳವೆಗಿಂತ ಅವರನ್ನು ಹೆಚ್ಚು ಕಾಡಿದ್ದು ಕಾರ್ಖಾನೆಗಳ ತ್ಯಾಜ್ಯನೀರನ್ನು ಹೊರಗೆ ಒಯ್ಯುವ ಕೊಳವೆಗಳು. ಮುಕ್ಕದಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಕೊಳವೆಯನ್ನು ಕಡಲಿಗೆ ಇಳಿಸುವಾಗ ಅವರು ಬಲವಾಗಿ ಎದುರು ನಿಂತರು. ನೀರು ಕೆಟ್ಟರೆ ಮೊದಲು ತಿಳಿಯುವುದು ಬಲೆ ಎಳೆಯುವವನಿಗೆ. ಆ ತಿಳಿವಳಿಕೆಗೆ ಯೋಜನೆಯ ಕಾಗದದಲ್ಲಿ ಸಿಗಬೇಕಾದ ಸ್ಥಾನ ಸಿಗಲಿಲ್ಲ.

ಕಡಲಿನ ಮೇಲೆ ದುಡಿಯುವವರ ಪ್ರಾಣಕ್ಕೂ ಇದು ಸುಲಭದ ಕೆಲಸವಲ್ಲ. 2021ರ ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಎದ್ದಾಗ ಎಸ್‌ಪಿಎಂ ಸೇವೆಯಲ್ಲಿದ್ದ ಎರಡು ಟಗ್‌ಗಳು ಅಪಾಯಕ್ಕೆ ಸಿಕ್ಕಿದವು. ಒಂದು ಮಗುಚಿ ಜೀವಹಾನಿಯಾಯಿತು. ಇನ್ನೊಂದು ಮುಲ್ಕಿ, ಕಾಪು ನಡುವಿನ ಬಂಡೆಗಳಿಗೆ ಸಿಲುಕಿತು. ಅದರಲ್ಲಿದ್ದ 9 ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ಕಾವಲುಪಡೆ ಉಳಿಸಿದವು.

2018ರಲ್ಲಿ ಕೇಂದ್ರ ಸಂಪುಟ ಪಾದೂರಿನ ಎರಡನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಇನ್ನೂ 25 ಲಕ್ಷ ಟನ್ನಿನ ಗುಹೆಗಳ ಜೊತೆಗೆ, ಪಾದೂರಿಗೇ ಮೀಸಲಾದ ಪ್ರತ್ಯೇಕ ಎಸ್‌ಪಿಎಂ ಕೂಡ ಆ ಯೋಜನೆಯಲ್ಲಿ ಸೇರಿದೆ.