ಕಾಲು ಗುಳಿಗೆಯ ಲೆಕ್ಕ

ಲಕ್ಕೂರು ಇರಲಿ, ಮಾಸ್ತಿ ಇರಲಿ, ಟೇಕಲ್ ಇರಲಿ, ಮಾಲೂರು ಸೀಮೆಯಲ್ಲಿ ಮಗು ಕೆಮ್ಮತೊಡಗಿದರೆ ಯಾರಾದರೊಬ್ಬರು ಹೇಳುವ ಮಾತೊಂದಿದೆ: "ದೊಡ್ಡೋರ ಮಾತ್ರೇಲಿ ಅರ್ಧ ಮುರಿದು ಕೊಡಿ, ಕೂಸಾದ್ರೆ ಕಾಲು ಸಾಕು." ಇದು ಬರೀ ಹಳ್ಳಿಯ ಅಂದಾಜು ಎಂದು ನಗುವಂತಿಲ್ಲ. ವೈದ್ಯಶಾಸ್ತ್ರವೂ ನೂರಾರು ವರ್ಷ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು.

ಬೆಳಕು ಅಲೆಯೆಂದು ತೋರಿಸಿದ ಥಾಮಸ್ ಯಂಗ್ ವೃತ್ತಿಯಿಂದ ವೈದ್ಯ. 19ನೇ ಶತಮಾನದ ಆರಂಭದಲ್ಲಿ ಅವನು ಕೊಟ್ಟ ಸೂತ್ರ ಸರಳ: ಮಗುವಿನ ವಯಸ್ಸನ್ನು, ಆ ವಯಸ್ಸಿಗೆ 12 ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿ, ದೊಡ್ಡವರ ಔಷಧಿಯಲ್ಲಿ ಅಷ್ಟು ಪಾಲು ಕೊಡಿ. ನಾಲ್ಕು ವರ್ಷದ ಮಗುವಿಗೆ ನಾಲ್ಕನ್ನು ಹದಿನಾರರಿಂದ ಭಾಗಿಸಿದರೆ ಸರಿಯಾಗಿ ಕಾಲು! ಆಮೇಲೆ ಬಂದ ಕ್ಲಾರ್ಕ್ ಸೂತ್ರ ವಯಸ್ಸು ಬಿಟ್ಟು ತೂಕ ಹಿಡಿಯಿತು. ಎರಡೂ ಮಗುವನ್ನು ಪುಟ್ಟ ದೊಡ್ಡವನೆಂದೇ ಎಣಿಸಿದವು.

ಈ ಎಣಿಕೆ ಎಷ್ಟು ಅಪಾಯಕಾರಿ ಎಂಬುದು 1959ರ ಹೊತ್ತಿಗೆ ಅಮೆರಿಕದ ಆಸ್ಪತ್ರೆಗಳಲ್ಲಿ ಬಯಲಾಯಿತು. ಸೋಂಕು ತಗಲೀತೆಂಬ ಭಯಕ್ಕೆ ನವಜಾತ ಶಿಶುಗಳಿಗೆ ಕ್ಲೋರಾಂಫೆನಿಕಾಲ್ ಕೊಡುತ್ತಿದ್ದರು. ಕೂಸುಗಳ ಹೊಟ್ಟೆ ಉಬ್ಬಿತು, ಮೈ ಬೂದಿಯ ಬಣ್ಣಕ್ಕೆ ತಿರುಗಿತು, ಹಲವು ಸತ್ತವು. ಆ ಔಷಧಿಯನ್ನು ನಿರುಪದ್ರವಿಯಾಗಿಸಿ ಹೊರಹಾಕುವ ಕೆಲಸವನ್ನು ಹಸುಗೂಸಿನ ಯಕೃತ್ತು ಇನ್ನೂ ಕಲಿತಿರುವುದಿಲ್ಲ, ಮೂತ್ರಪಿಂಡವೂ ಎಳಸು. ಔಷಧಿ ರಕ್ತದಲ್ಲೇ ಶೇಖರವಾಗುತ್ತಾ ಹೋಗಿತ್ತು. ವೈದ್ಯರು 'ಗ್ರೇ ಬೇಬಿ ಸಿಂಡ್ರೋಮ್' ಎಂದು ಹೆಸರಿಟ್ಟರು. ತೂಕದ ಲೆಕ್ಕ ಸರಿಯಿದ್ದೂ ಮಗು ಸಾಯಬಹುದೆಂದು ಗೊತ್ತಾದದ್ದು ಹೀಗೆ.

ನಮ್ಮಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ 1954ರಲ್ಲಿ ಹುಟ್ಟಿತು. ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ 1981ರಲ್ಲಿ. ಔಷಧಿ ಕೈಗೆಟುಕಿತು ನಿಜ, ಆದರೆ ಅಳತೆಯ ತಾಪತ್ರಯ ಮನೆಯೊಳಕ್ಕೇ ಬಂತು. ಮಕ್ಕಳ ಸಿರಪ್ಪಿನ ಬಾಟಲಿಯಲ್ಲಿರುವುದು ಒಣಪುಡಿ. ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕುಲುಕಬೇಕು. ನೀರು ಹೆಚ್ಚಾದರೆ ಔಷಧಿ ತೆಳುವಾಯಿತು, ಕಡಿಮೆಯಾದರೆ ಗಟ್ಟಿಯಾಯಿತು. ಅದೇ ಅಮಾಕ್ಸಿಸಿಲಿನ್ ಒಂದು ಬಾಟಲಿಯಲ್ಲಿ 5 ಮಿಲಿಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 250. ಅಡುಗೆಮನೆಯ ಚಮಚಗಳೋ, ಒಂದರಂತೆ ಇನ್ನೊಂದಿಲ್ಲ. 'ಒಂದು ಚಮಚ' ಎಂದು ಚೀಟಿಯಲ್ಲಿ ಬರೆದವರಿಗೆ ಯಾವ ಚಮಚ ಮನಸ್ಸಿನಲ್ಲಿತ್ತೋ!

ಅಳತೆಗಿಂತ ಮೊದಲಿನ ಪ್ರಶ್ನೆ, ಔಷಧಿ ಬೇಕೇ ಎಂಬುದು. ಮಕ್ಕಳ ಕೆಮ್ಮು ನೆಗಡಿಯಲ್ಲಿ ಬಹುಪಾಲು ವೈರಸ್ಸಿನದು. ಅದಕ್ಕೆ ಆಂಟಿಬಯಾಟಿಕ್ಕಿನಿಂದ ಏನೂ ಆಗದು. ನ್ಯುಮೋನಿಯಾವನ್ನು ಬೇರ್ಪಡಿಸುವುದು ಹೇಗೆ? ಪಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಮತ್ತವರ ಸಂಗಡಿಗರು ಸ್ಟೆತಾಸ್ಕೋಪ್ ಬದಿಗಿಟ್ಟು ಉಸಿರು ಎಣಿಸಿದರು. ಈಗಿನ ಲೆಕ್ಕ ಇದು: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಅಷ್ಟು ಅಥವಾ ಅದಕ್ಕೆ ಮೇಲ್ಪಟ್ಟರೆ ವೇಗದ ಉಸಿರು. ಪಕ್ಕೆ ಒಳಸೆಳೆಯುತ್ತಿದ್ದರೆ ಅದೂ ಗುರುತು.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಇದನ್ನು ಓದುಬರಹ ಬಾರದ ಸೂಲಗಿತ್ತಿಯರ ಕೈಗೂ ಕೊಟ್ಟರು. ನೂರರವರೆಗೆ ಎಣಿಸಲು ಬಾರದವರಿಗೆ ಒಂದು ಮಣಿಚೌಕಟ್ಟು, ಒಂದು ನಿಮಿಷದ ಮರಳುಗಡಿಯಾರ. ಹತ್ತು ಉಸಿರಿಗೊಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ ಕೆಂಪು ಮಣಿಗೆ ಬಂದರೆ ನ್ಯುಮೋನಿಯಾ. ಕೊಡುತ್ತಿದ್ದುದು ಕೋಟ್ರೈಮಾಕ್ಸಜೋಲ್. ಆ ಹಳ್ಳಿಗಳಲ್ಲಿ ನ್ಯುಮೋನಿಯಾದಿಂದ ಮಕ್ಕಳು ಸಾಯುವುದು, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಅರ್ಧಕ್ಕೂ ಕಡಿಮೆಯಾಯಿತೆಂದು 1990ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಉಪಕರಣ ಆ ಮಣಿಚೌಕಟ್ಟು.

2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸೂಚನೆಯನ್ನು ಅಮಾಕ್ಸಿಸಿಲಿನ್ ಕಡೆಗೆ ತಿರುಗಿಸಿತು: ಕಿಲೋ ತೂಕಕ್ಕೆ 40 ಮಿಲಿಗ್ರಾಂನಂತೆ ದಿನಕ್ಕೆರಡು ಸಲ. ತಕ್ಕಡಿ ಇಲ್ಲದೆಡೆಗೆ ವಯಸ್ಸಿನ ಮೂರು ಗುಂಪು. ನೀರಲ್ಲಿ ಕರಗುವ 250 ಮಿಲಿಗ್ರಾಂ ಮಾತ್ರೆ ವರ್ಷದೊಳಗಿನ ಕೂಸಿಗೆ ಒಂದು, ಮೂರು ವರ್ಷದವರೆಗೆ ಎರಡು, ಐದರವರೆಗೆ ಮೂರು. ಹಾಗಾದರೆ ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 1500 ಮಿಲಿಗ್ರಾಂ. ದೊಡ್ಡವರು 500ರ ಗುಳಿಗೆ ದಿನಕ್ಕೆ ಮೂರು ಸಲ ನುಂಗಿದರೂ ಅಷ್ಟೇ! ಯಂಗ್ ಸೂತ್ರದಂತೆ ಕೊಟ್ಟಿದ್ದರೆ 375 ಆಗುತ್ತಿತ್ತು. ಹಸುಗೂಸಿನ ಕಾಲ ದಾಟಿದ ಮೇಲೆ ಮಕ್ಕಳ ದೇಹ ಈ ಔಷಧಿಯನ್ನು ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಬೇಗ ಹೊರಹಾಕುತ್ತದೆ; ಕಡಿಮೆ ಕೊಟ್ಟರೆ ರೋಗಾಣು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಎರಡು ವರ್ಷಕ್ಕೂ ಎಂಟು ಕಿಲೋ ದಾಟದ ಮಕ್ಕಳು ನಮ್ಮಲ್ಲಿದ್ದಾರೆ. ವಯಸ್ಸು ನೋಡಿ ಎರಡು ಮಾತ್ರೆ ಕೊಟ್ಟರೆ ಅಂಥ ಮಗುವಿಗೆ ಒಂದು ಸಲಕ್ಕೆ ಕಿಲೋಗೆ 62 ಮಿಲಿಗ್ರಾಂ ಬೀಳುತ್ತದೆ. ಅಮಾಕ್ಸಿಸಿಲಿನ್ ಇಷ್ಟು ಹೆಚ್ಚುಕಡಿಮೆಯನ್ನು ತಾಳಿಕೊಳ್ಳುವ ಔಷಧಿ. ಕ್ಲೋರಾಂಫೆನಿಕಾಲ್ ಆಗಿದ್ದರೆ ಈ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

2019ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 'ಸಾನ್ಸ್' ಅಭಿಯಾನ ಶುರುಮಾಡಿ, ಆಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಡೋಸ್ ಕೊಡುವ ಅಧಿಕಾರವನ್ನು ಆಶಾ ಕಾರ್ಯಕರ್ತೆಗೂ ಕೊಟ್ಟಿತು. ಲಕ್ಕೂರಿನಂಥ ಹೋಬಳಿಯಲ್ಲಿ, ಮಾಲೂರಿನ ಇಟ್ಟಿಗೆಗೂಡುಗಳ ಸುತ್ತ ಬಂದಿಳಿದ ಕೂಲಿ ಕುಟುಂಬದ ಗುಡಿಸಲಿನಲ್ಲಿ, ಆಕೆ ಮೊದಲು ಮಗುವಿನ ಅಂಗಿ ಮೇಲೆತ್ತಿಸಿ ಹೊಟ್ಟೆ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರೆಣಿಸಬೇಕು. ಮಗು ಅಳುತ್ತಿದ್ದರೆ ಆ ಎಣಿಕೆ ಲೆಕ್ಕಕ್ಕಿಲ್ಲ. ಸುಮ್ಮನಾಗುವವರೆಗೆ ಕಾಯಬೇಕು.