ಆಡದೇ ಉಳಿದ ಎರಡು ವರ್ಷ: ಒಂದು ಸರ್ಕಾರಿ ವಿವಿ ತನ್ನ ಫುಟ್ಬಾಲ್ ತಂಡ ಮುಚ್ಚಿ, ಮತ್ತೆ ತೆರೆದ ಕಥೆ

ಭಾಗ 1/9

2014ರ ಡಿಸೆಂಬರ್ 2, ಮಂಗಳವಾರ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದ ಅಧ್ಯಕ್ಷ ರೇ ವಾಟ್ಸ್ ತಮ್ಮ ಫುಟ್ಬಾಲ್ ಆಟಗಾರರನ್ನು ಒಂದು ಕೋಣೆಯಲ್ಲಿ ಕೂರಿಸಿ ಹೇಳಿದ್ದು ಇಷ್ಟು: ಇನ್ಮುಂದೆ ತಂಡ ಇರಲ್ಲ.

ಮೂರೇ ದಿನದ ಹಿಂದೆ ಅದೇ ಹುಡುಗರು ಸದರ್ನ್ ಮಿಸ್ಸಿಸಿಪ್ಪಿ ತಂಡವನ್ನು 45-24ರಲ್ಲಿ ಸೋಲಿಸಿ ಬಂದಿದ್ರು. ಆ ವರ್ಷ 6 ಗೆಲುವು, 6 ಸೋಲು. ಹತ್ತು ವರ್ಷಗಳಲ್ಲಿ ಅವರ ಅತ್ಯುತ್ತಮ ಸೀಸನ್!

ಕೋಣೆಯೊಳಗಿನ ವಿಡಿಯೋ ಹೊರಗೆ ಬಂತು. ಸೈನ್ಯದಲ್ಲಿ ದುಡಿದು ಆಮೇಲೆ ಓದಲು ಬಂದಿದ್ದ ಒಬ್ಬ ಆಟಗಾರ ಅಧ್ಯಕ್ಷರ ಮುಖಕ್ಕೇ ನೇರವಾಗಿ ಪ್ರಶ್ನೆ ಹಾಕ್ತಿದ್ದಾನೆ. ಹೊರಗಡೆ ನೂರಾರು ಜನ ಕೂಗ್ತಿದ್ದಾರೆ. ದೇಶವೆಲ್ಲ ಅದನ್ನು ನೋಡ್ತು.

ಈ ಸರಣಿಯಲ್ಲಿ ಈ ಸಲ ಆ ಕಥೆ. ಕೇಳೋಕೆ ಆಟದ ಕಥೆ, ಆದ್ರೆ ಒಳಗಿರೋದು ದುಡ್ಡು, ಊರು ಮತ್ತು ಅಧಿಕಾರದ ಪ್ರಶ್ನೆ. ಸೋಲ್ತಾ ಇರೋ, ನಷ್ಟ ಮಾಡ್ತಾ ಇರೋ ತಂಡವನ್ನು ಜನರ ದುಡ್ಡಿನ ವಿಶ್ವವಿದ್ಯಾಲಯ ಇಟ್ಕೋಬೇಕಾ, ಬೇಡ್ವಾ? ನಿಧಾನಕ್ಕೆ ಓದಿ, ಕೊನೆಯಲ್ಲಿ ನಿಮ್ಮ ಉತ್ತರ ಬರೀರಿ.

ಭಾಗ 2/9

ಮೊದಲು ಒಂದು ವಿಷಯ. ಇದು ನಮ್ಮ ಕಾಲ್ಚೆಂಡಾಟ ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡ್ಕೊಂಡು ಓಡೋ ಅಮೆರಿಕನ್ ಫುಟ್ಬಾಲ್.

ನಮ್ಮಲ್ಲಿ ಅಂತರ್ ವಿವಿ ಪಂದ್ಯ ನಡೆದ್ರೆ ನೋಡೋಕೆ ಬರೋದು ಹಾಸ್ಟೆಲ್ ಗೆಳೆಯರು, ಜೊತೆಗೆ ಪಿ.ಇ. ಮೇಷ್ಟ್ರು. ಅಲ್ಲಿ ಹಾಗಲ್ಲ. ಒಂದೊಂದು ವಿವಿ ಪಂದ್ಯಕ್ಕೂ ಹತ್ತಾರು ಸಾವಿರ ಜನ. ದೊಡ್ಡ ತಂಡಗಳಿಗೆ ಲಕ್ಷ ಮೀರುತ್ತೆ. ಟಿವಿ ಹಕ್ಕು, ಟಿಕೆಟ್, ದಾನಿಗಳು, ಹೀಗೆ ದುಡ್ಡಿನ ಹೊಳೆ.

ಆದ್ರೆ ಆ ಹೊಳೆ ಎಲ್ಲರ ಹೊಲಕ್ಕೂ ಹರಿಯಲ್ಲ. ಮೇಲಿನ ಕೆಲವೇ ವಿವಿಗಳಿಗೆ ಲಾಭ. ಉಳಿದವು ತಮ್ಮ ಕ್ರೀಡಾ ವಿಭಾಗವನ್ನು ವಿವಿಯ ಸಾಮಾನ್ಯ ನಿಧಿಯಿಂದ, ವಿದ್ಯಾರ್ಥಿಗಳ ಶುಲ್ಕದಿಂದ ಸಾಕ್ತವೆ. ಒಂದೇ ಒಂದು ಪಂದ್ಯಕ್ಕೂ ಹೋಗದ ನರ್ಸಿಂಗ್ ವಿದ್ಯಾರ್ಥಿನಿಯೂ ಆ ಶುಲ್ಕ ಕಟ್ಟಿರ್ತಾಳೆ. ಈ ಹುಡುಗಿಯನ್ನ ನೆನಪಿಟ್ಕೊಳ್ಳಿ, ಕೊನೆಯಲ್ಲಿ ಮತ್ತೆ ಬರ್ತಾಳೆ.

ಭಾಗ 3/9

ಈ ಫೋಟೋದಲ್ಲಿರೋದು ಲೀಜನ್ ಫೀಲ್ಡ್. 1927ರಲ್ಲಿ ತೆರೆದ ಕ್ರೀಡಾಂಗಣ.

ಬರ್ಮಿಂಗ್‌ಹ್ಯಾಮ್ ಹುಟ್ಟಿದ್ದು 1871ರಲ್ಲಿ, ಕಬ್ಬಿಣ ಮತ್ತು ಉಕ್ಕಿನ ಊರಾಗಿ. ಅಲಬಾಮಾ ವಿವಿ ಮತ್ತು ಆಬರ್ನ್ ವಿವಿ ನಡುವಿನ ದೊಡ್ಡ ಪಂದ್ಯದ ಹೆಸರೇ 'ಐರನ್ ಬೌಲ್'. 1948ರಿಂದ 1988ರವರೆಗೆ ಅದು ನಡೀತಿದ್ದದ್ದು ಇದೇ ಅಂಗಳದಲ್ಲಿ. ಆಮೇಲೆ ಆಬರ್ನ್ ತನ್ನ ಪಂದ್ಯಗಳನ್ನು ತನ್ನೂರಿಗೆ ಒಯ್ದಿತು. ನಂತರ ಅಲಬಾಮಾ ಕೂಡ ಹಾಗೇ ಮಾಡ್ತು. ಉಕ್ಕಿನ ಕಾರ್ಖಾನೆಗಳೂ ಮಂಕಾದವು. ಊರಿಗೆ ಉಳಿದದ್ದು ಹಳೇ ಕ್ರೀಡಾಂಗಣ, ಮತ್ತೆ ಬೆಳೀತಾ ಇದ್ದ ಒಂದು ವಿಶ್ವವಿದ್ಯಾಲಯ.

ಅದೇ ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿವಿ. ಜನ ಕರೆಯೋದು ಯುಎಬಿ. 1969ರಲ್ಲಿ ಸ್ವತಂತ್ರ ವಿವಿ ಆಯ್ತು. ಆಸ್ಪತ್ರೆ, ವೈದ್ಯಕೀಯ ಸಂಶೋಧನೆ ಇದರ ಬೆನ್ನೆಲುಬು. ಉಕ್ಕು ಕೈಬಿಟ್ಟ ಊರಿಗೆ ಅನ್ನ ಹಾಕಿದ್ದು ಹೆಚ್ಚಾಗಿ ಈ ಆಸ್ಪತ್ರೆ ಅಂದ್ರೂ ತಪ್ಪಿಲ್ಲ.

ಬ್ಯಾಸ್ಕೆಟ್‌ಬಾಲ್ ಕೋಚ್ ಜೀನ್ ಬಾರ್ಟೊ ಇಲ್ಲಿ ಕ್ರೀಡಾ ವಿಭಾಗ ಕಟ್ಟಿದ್ರು. ಫುಟ್ಬಾಲ್ ಅಧಿಕೃತವಾಗಿ ಶುರುವಾಗಿದ್ದು 1991ರಲ್ಲಿ, ಎಲ್ಲಕ್ಕಿಂತ ಕೆಳಗಿನ ಹಂತದಲ್ಲಿ. ಐದೇ ವರ್ಷದಲ್ಲಿ, ಅಂದ್ರೆ 1996ಕ್ಕೆ, ಅತ್ಯುನ್ನತ ಹಂತಕ್ಕೆ ಜಿಗಿದರು. ಕಾಲು ಊರೋ ಮೊದಲೇ ಓಟ.

ಭಾಗ 4/9

ಓಡಿದವರು ಗೆಲ್ಲಲೇ ಇಲ್ವಾ? ಗೆದ್ರು, ಆಗಾಗ. 2000ದಲ್ಲಿ ಎಲ್‌ಎಸ್‌ಯು ಅನ್ನೋ ದೈತ್ಯ ತಂಡವನ್ನು ಅವರ ಅಂಗಳದಲ್ಲೇ 13-10ರಲ್ಲಿ ಕೆಡವಿದ್ರು. 2004ರಲ್ಲಿ ಮೊದಲ ಬಾರಿ ಸೀಸನ್ ಕೊನೆಯ 'ಬೌಲ್' ಪಂದ್ಯಕ್ಕೆ ಹೋದ್ರು. ಅದಾದ ಮೇಲೆ ವರ್ಷಗಟ್ಟಲೆ ಸೋಲು. 2012ರಲ್ಲಿ 3 ಗೆಲುವು, 2013ರಲ್ಲಿ 2. ದೊಡ್ಡ ಅಂಗಳದಲ್ಲಿ ಖಾಲಿ ಕುರ್ಚಿಗಳು.

ಇಲ್ಲೊಂದು ಗಂಟು ಇದೆ. ಯುಎಬಿಗೆ ತನ್ನದೇ ಆಡಳಿತ ಮಂಡಳಿ ಇಲ್ಲ. ಟಸ್ಕಲೂಸಾದ ಹಳೇ ಅಲಬಾಮಾ ವಿವಿ, ಬರ್ಮಿಂಗ್‌ಹ್ಯಾಮ್, ಹಂಟ್ಸ್‌ವಿಲ್, ಈ ಮೂರಕ್ಕೂ ಒಂದೇ ಮಂಡಳಿ. ದೇಶದ ಅತಿ ಪ್ರಸಿದ್ಧ ತಂಡಗಳಲ್ಲಿ ಒಂದು ಟಸ್ಕಲೂಸಾದ್ದು. ಒಂದೇ ಮನೆ, ಒಂದೇ ಯಜಮಾನಿಕೆ, ದೊಡ್ಡಣ್ಣ ರಾಜ್ಯಕ್ಕೇ ಮುದ್ದು.

2006ರಲ್ಲಿ ಯುಎಬಿ ಆರಿಸಿಕೊಂಡಿದ್ದ ಕೋಚ್ ಜಿಂಬೋ ಫಿಶರ್ ನೇಮಕಕ್ಕೆ ಮಂಡಳಿ ಒಪ್ಪಲಿಲ್ಲ. ಮುಂದೆ ಅದೇ ಫಿಶರ್ ಫ್ಲೋರಿಡಾ ಸ್ಟೇಟ್ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ್ರು. 2011ರಲ್ಲಿ ಕ್ಯಾಂಪಸ್ಸಿನಲ್ಲೇ ಕ್ರೀಡಾಂಗಣ ಕಟ್ಟೋ ಯೋಜನೆಯೂ ಮಂಡಳಿಯ ಮುಂದೆ ಬಿದ್ದುಹೋಯ್ತು.

ಹಾಗಾಗಿ ತಂಡ ಸೋತಾಗ ಊರಿನವರು ಕೇಳಿದ್ದು ಒಂದೇ ಮಾತು: ಕೈಕಾಲು ಕಟ್ಟಿಹಾಕಿ ಈಜು ಅಂದ್ರೆ ಹೇಗೆ?

ಭಾಗ 5/9

ಈಗ ಲೆಕ್ಕ. ಬೇಜಾರು ಮಾಡ್ಕೋಬೇಡಿ, ಇಡೀ ಕಥೆ ಇಲ್ಲೇ ಇರೋದು.

ಯುಎಬಿ ಕ್ರೀಡಾ ವಿಭಾಗದ ವಾರ್ಷಿಕ ಖರ್ಚು ಸುಮಾರು 3 ಕೋಟಿ ಡಾಲರ್. ಅದರಲ್ಲಿ ಸುಮಾರು 2 ಕೋಟಿ ಬರ್ತಿದ್ದದ್ದು ವಿವಿಯ ನಿಧಿ ಮತ್ತು ವಿದ್ಯಾರ್ಥಿಗಳ ಶುಲ್ಕದಿಂದ. ಫುಟ್ಬಾಲ್ ಮುಂದುವರಿಸಿದ್ರೆ ಐದು ವರ್ಷದಲ್ಲಿ ಇನ್ನೂ 4.9 ಕೋಟಿ ಬೇಕಾಗುತ್ತೆ ಅಂತ ಸಲಹಾ ಸಂಸ್ಥೆಯ ವರದಿ ಹೇಳ್ತು. ಅದನ್ನೇ ಮುಂದಿಟ್ಟು ವಾಟ್ಸ್ ಫುಟ್ಬಾಲ್, ಬೌಲಿಂಗ್, ರೈಫಲ್ ಮೂರನ್ನೂ ಮುಚ್ಚಿದ್ರು. 1995ರಲ್ಲಿ ಪೆಸಿಫಿಕ್ ವಿವಿ ಕೈಬಿಟ್ಟ ಮೇಲೆ, ಅತ್ಯುನ್ನತ ಹಂತದಲ್ಲಿ ಫುಟ್ಬಾಲ್ ಮುಚ್ಚಿದ ಮೊದಲ ವಿವಿ ಇದು.

ಮೇಲ್ನೋಟಕ್ಕೆ ಸರಿ ಅನ್ಸುತ್ತೆ ಅಲ್ವಾ? ಆದ್ರೆ 2015ರ ವಸಂತದಲ್ಲಿ ಬೇರೆ ಅರ್ಥಶಾಸ್ತ್ರಜ್ಞರು ಅದೇ ಲೆಕ್ಕ ಬಿಡಿಸಿ ನೋಡಿದ್ರು. ಅವರ ವಾದ ಹೀಗೆ. ಆಟಗಾರನಿಗೆ ಕೊಡೋ ವಿದ್ಯಾರ್ಥಿವೇತನವನ್ನು ಪೂರ್ತಿ ಬೋಧನಾ ಶುಲ್ಕದ ದರದಲ್ಲಿ ಫುಟ್ಬಾಲ್ ಖರ್ಚು ಅಂತ ಬರೀತಾರೆ. ಆ ದುಡ್ಡು ಹೋಗೋದು ಎಲ್ಲಿಗೆ? ವಿವಿಯದ್ದೇ ಇನ್ನೊಂದು ಜೇಬಿಗೆ. ಸಾವಿರಾರು ಮಕ್ಕಳಿರೋ ತರಗತಿಗಳಲ್ಲಿ 85 ಜನ ಹೆಚ್ಚಿಗೆ ಕೂತ್ರೆ ನಿಜವಾಗಿ ಆಗೋ ಖರ್ಚು ಅದಕ್ಕಿಂತ ತುಂಬಾ ಕಡಿಮೆ. ಜೊತೆಗೆ ಫುಟ್ಬಾಲ್ ಇಲ್ಲದಿದ್ರೆ ಅವರ ಲೀಗ್ 'ಕಾನ್ಫರೆನ್ಸ್ ಯುಎಸ್‌ಎ'ಯ ಸದಸ್ಯತ್ವಕ್ಕೇ ಕುತ್ತು. ಆ ಆದಾಯ ಹೋದ್ರೆ ಬ್ಯಾಸ್ಕೆಟ್‌ಬಾಲಿಗೂ ಪೆಟ್ಟು.

ಅಂದ್ರೆ ಒಂದೇ ತಂಡ, ಒಂದು ವರದಿಯಲ್ಲಿ ಹೊರೆ, ಇನ್ನೊಂದರಲ್ಲಿ ಹೆಚ್ಚುಕಮ್ಮಿ ತನ್ನ ಖರ್ಚು ತಾನೇ ದುಡ್ಕೊಳ್ಳೋ ತಂಡ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಯಾವ ಖಾನೆಯಲ್ಲಿ ಏನು ಬರೀಬೇಕು ಅನ್ನೋದೇ ಜಗಳ.

ಭಾಗ 6/9

ಲೆಕ್ಕಕ್ಕಿಂತ ಜನರಿಗೆ ನೋವಾಗಿದ್ದು ರೀತಿ. ವಿದ್ಯಾರ್ಥಿಗಳನ್ನು ಕೇಳಲಿಲ್ಲ, ಅಧ್ಯಾಪಕರನ್ನು ಕೇಳಲಿಲ್ಲ, ಊರನ್ನು ಕೇಳಲಿಲ್ಲ. ಕೋಳಿ ಕೇಳಿ ಮಸಾಲೆ ಅರೀತಾರಾ ಅಂತೀವಲ್ಲ, ಹಾಗೆ.

2015ರ ಜನವರಿಯಲ್ಲಿ ಅಧ್ಯಾಪಕರ ಸಭೆ ಅಧ್ಯಕ್ಷರ ಮೇಲೆ ಅವಿಶ್ವಾಸ ಗೊತ್ತುವಳಿ ಪಾಸ್ ಮಾಡ್ತು. ಗಮನಿಸಿ, ಇವರು ಪಂದ್ಯಕ್ಕೆ ಮುಖಕ್ಕೆ ಬಣ್ಣ ಬಳ್ಕೊಂಡು ಹೋಗೋ ಅಭಿಮಾನಿಗಳಲ್ಲ. ಇವತ್ತು ತಂಡವನ್ನು ಹೀಗೆ ಮುಚ್ಚಿದವರು ನಾಳೆ ನಮ್ಮ ವಿಭಾಗವನ್ನೂ ಹೀಗೇ ಮುಚ್ಚಬಹುದು ಅನ್ನೋ ಭಯ ಯಾವ ಮೇಷ್ಟ್ರಿಗೆ ಇರಲ್ಲ?

ಊರೂ ಮಾತಲ್ಲೇ ನಿಲ್ಲಲಿಲ್ಲ. ದಾನಿಗಳು, ಕಂಪನಿಗಳು ದುಡ್ಡಿನ ಭರವಸೆ ಕೊಟ್ರು. ನಗರಸಭೆ ವರ್ಷಕ್ಕೆ 5 ಲಕ್ಷ ಡಾಲರ್‌ನಂತೆ ಐದು ವರ್ಷ ಕೊಡ್ತೀವಿ ಅಂತು. 2015ರ ಜೂನ್ 1ಕ್ಕೆ ಅದೇ ವಾಟ್ಸ್ ಮತ್ತೆ ಮೈಕ್ ಮುಂದೆ ಬಂದು ಮೂರೂ ಆಟಗಳನ್ನು ವಾಪಸ್ ತರ್ತೀವಿ ಅಂದ್ರು. ಆರೇ ತಿಂಗಳು!

ಆದ್ರೆ ಅಷ್ಟೊತ್ತಿಗೆ ಆಟಗಾರರು ಚದುರಿ ಬೇರೆ ಬೇರೆ ವಿವಿಗಳಿಗೆ ಹೋಗಿದ್ರು. ತಂಡ ಮೊದಲಿಂದ ಕಟ್ಟಬೇಕು. 2015 ಮತ್ತು 2016ರಲ್ಲಿ ಒಂದೂ ಪಂದ್ಯ ಇಲ್ಲ. ಕೋಚ್ ಬಿಲ್ ಕ್ಲಾರ್ಕ್ ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಪಂದ್ಯವೇ ಇಲ್ಲದ ಎರಡು ವರ್ಷ ಅಭ್ಯಾಸ ಮಾಡಿಸ್ತಾ ಕೂತ್ರು.

ಭಾಗ 7/9

2017ರ ಸೆಪ್ಟೆಂಬರ್ 2. ಲೀಜನ್ ಫೀಲ್ಡ್‌ನಲ್ಲಿ 45,212 ಜನ. ಯುಎಬಿ ತವರು ಪಂದ್ಯಕ್ಕೆ ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಅಲಬಾಮಾ ಎ ಅಂಡ್ ಎಂ ವಿರುದ್ಧ 38-7 ಗೆಲುವು. ಆ ಸೀಸನ್ನಿನಲ್ಲಿ 8 ಗೆಲುವು.

2018ರ ಡಿಸೆಂಬರ್ 1. ತಂಡ ಸತ್ತ ದಿನಕ್ಕೆ ನಾಲ್ಕು ವರ್ಷ ತುಂಬೋಕೆ ಒಂದು ದಿನ ಬಾಕಿ. ಮಿಡಲ್ ಟೆನೆಸ್ಸಿಯನ್ನು 27-25ರಲ್ಲಿ ಸೋಲಿಸಿ ಲೀಗ್ ಚಾಂಪಿಯನ್! ಆಮೇಲೆ ಬೋಕಾ ರೇಟನ್ ಬೌಲ್‌ನಲ್ಲೂ ಗೆಲುವು, ಯುಎಬಿಯ ಮೊದಲ ಬೌಲ್ ಗೆಲುವು. 2020ರಲ್ಲಿ ಮತ್ತೊಮ್ಮೆ ಚಾಂಪಿಯನ್. 2021ರಲ್ಲಿ ಹೊಸ ಕ್ರೀಡಾಂಗಣ.

ಸಿನಿಮಾ ಆಗಿದ್ರೆ ಇಲ್ಲಿ 'ಶುಭಂ' ಅಂತ ಬರ್ತಿತ್ತು. ಇತಿಹಾಸ ಅಲ್ಲಿಗೆ ನಿಲ್ಲಲ್ಲ.

2022ರಲ್ಲಿ ಬೆನ್ನುನೋವಿನಿಂದ ಕ್ಲಾರ್ಕ್ ನಿವೃತ್ತರಾದ್ರು. 2023ರಲ್ಲಿ ತಂಡ ಇನ್ನೂ ಗಟ್ಟಿ ಲೀಗಿಗೆ ಸೇರಿತು, ಹೊಸ ಕೋಚ್ ಬಂದ್ರು. ಆ ವರ್ಷ 4 ಗೆಲುವು, 8 ಸೋಲು. ಮುಂದಿನ ವರ್ಷ 3 ಗೆಲುವು, 9 ಸೋಲು. 2025ರ ಅಕ್ಟೋಬರ್‌ನಲ್ಲಿ ಕೋಚನ್ನು ತೆಗೆದ್ರು. ಹೊಸ ಕ್ರೀಡಾಂಗಣಕ್ಕೆ ನಗರ ವರ್ಷಕ್ಕೆ 30 ಲಕ್ಷ ಡಾಲರ್‌ನಂತೆ 30 ವರ್ಷ ಕಟ್ಟೋಕೆ ಒಪ್ಪಿಕೊಂಡಿದೆ. ಕೋಚ್ ಹೋದ್ರು, ಕಂತು ಹೋಗಲ್ಲ.

ಭಾಗ 8/9

ಬೇರೆಯವರು ಏನ್ ಮಾಡಿದ್ರು?

ಶಿಕಾಗೊ ವಿವಿ (ಇದು ಖಾಸಗಿ): ಒಂದು ಕಾಲದ ದೊಡ್ಡ ತಂಡ. 1939ರಲ್ಲಿ ಮಿಶಿಗನ್ ವಿರುದ್ಧ 85-0ರಲ್ಲಿ ಸೋತು, ಅದೇ ವರ್ಷ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಕಾಲದಲ್ಲಿ ಆಟ ಬಿಟ್ಟಿತು. ಖಾಲಿ ಬಿದ್ದ ಆ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೇ 1942ರ ಡಿಸೆಂಬರ್ 2ರಂದು ಮನುಷ್ಯ ಮೊದಲ ಬಾರಿ ನಿಯಂತ್ರಿತ ಪರಮಾಣು ಸರಣಿ ಕ್ರಿಯೆ ನಡೆಸಿದ. ಫುಟ್ಬಾಲ್ ಬಿಟ್ಟಿದ್ದಕ್ಕೆ ಶಿಕಾಗೊ ವಿವಿಯ ಹೆಸರೇನೂ ಕೆಡಲಿಲ್ಲ. 1969ರಲ್ಲಿ ಸಣ್ಣ ಮಟ್ಟದಲ್ಲಿ ಆಟ ವಾಪಸ್ ಬಂತು.

ವಿಚಿಟಾ ಸ್ಟೇಟ್ (ಸರ್ಕಾರಿ, ಕಾನ್ಸಾಸ್): 1970ರ ಅಕ್ಟೋಬರ್ 2ರಂದು ತಂಡವನ್ನು ಒಯ್ಯುತ್ತಿದ್ದ ವಿಮಾನ ಕೊಲೊರಾಡೊ ಬೆಟ್ಟಗಳಲ್ಲಿ ಬಿತ್ತು. 31 ಜನ ತೀರಿಕೊಂಡ್ರು. ಉಳಿದ ಹುಡುಗರು ಅದೇ ತಿಂಗಳು ಮತ್ತೆ ಅಂಗಳಕ್ಕಿಳಿದ್ರು. ಸಾವನ್ನೂ ದಾಟಿದ ಆ ತಂಡ 1986ರಲ್ಲಿ ಸಾಲ ಮತ್ತು ಖಾಲಿ ಕುರ್ಚಿಗಳ ಮುಂದೆ ಸೋತು ಮುಚ್ಚಿಹೋಯ್ತು. ಇವತ್ತಿಗೂ ವಾಪಸ್ ಬಂದಿಲ್ಲ.

ಐಡಾಹೊ (ಸರ್ಕಾರಿ): ಯುಎಬಿ ಹಾಗೇ 1996ರಲ್ಲೇ ಮೇಲಿನ ಹಂತಕ್ಕೆ ಹೋಗಿತ್ತು. ಅವರ ಮುಚ್ಚಿದ ಛಾವಣಿಯ ಅಂಗಳದಲ್ಲಿ ಹಿಡಿಸೋದು ಸುಮಾರು 16,000 ಜನ. 2016ರಲ್ಲಿ ಲೀಗ್ ಕೈಬಿಟ್ಟಿತು. ಅಧ್ಯಕ್ಷ ಚಕ್ ಸ್ಟೇಬನ್ ಮುಚ್ಚಲೂ ಇಲ್ಲ, ಸಾಲ ಮಾಡಿ ತುಪ್ಪ ತಿನ್ನಲೂ ಇಲ್ಲ. 2018ರಿಂದ ಒಂದು ಮೆಟ್ಟಿಲು ಕೆಳಗಿಳಿದು, ಹತ್ತಿರದ ಊರುಗಳ ಜೊತೆ ಆಡೋಣ ಅಂದ್ರು. ಅಭಿಮಾನಿಗಳು ಅವಮಾನ ಅಂತ ಸಿಟ್ಟಾದ್ರು. ಆದ್ರೆ 2022, 2023, 2024 ಮೂರೂ ವರ್ಷ ಅದೇ ಹಂತದಲ್ಲಿ ಪ್ಲೇಆಫ್‌ಗೆ ಹೋದ್ರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಎಲ್ಲಾ ದೇಶಕ್ಕೂ ಅನ್ವಯಿಸುತ್ತೆ.

ಭಾಗ 9/9

ಹಾಗಾದ್ರೆ ಇಟ್ಕೋಬೇಕಾ, ಬೇಡ್ವಾ?

ಯುಎಬಿ ಕಥೆ ಓದಿದವರು ಎರಡು ಪಾಠಗಳಲ್ಲಿ ತಮಗೆ ಬೇಕಾದ್ದನ್ನ ಎತ್ಕೊಳ್ತಾರೆ. 2018ಕ್ಕೆ ನಿಂತವರು 'ನೋಡಿದ್ರಾ, ಮುಚ್ಚಿದ್ದು ತಪ್ಪು' ಅಂತಾರೆ. 2024ಕ್ಕೆ ನಿಂತವರು 'ನೋಡಿದ್ರಾ, ಮುಚ್ಚಿದ್ದೇ ಸರಿಯಿತ್ತು' ಅಂತಾರೆ. ಗೆಲುವು ಸೋಲಿನ ಮೇಲೆ ಈ ಪ್ರಶ್ನೆ ಬಗೆಹರಿಯಲ್ಲ. ಸೋಲ್ತಾ ಇದೆ ಅಂತ ಮುಚ್ಚೋದಾದ್ರೆ, ಪ್ರತಿ ಪಂದ್ಯದಲ್ಲೂ ಒಬ್ಬರು ಸೋಲಲೇಬೇಕಲ್ಲ.

ನನಗನ್ಸೋದು ಇಷ್ಟು. ಮೊದಲನೇದು, ಲೆಕ್ಕ ಬಹಿರಂಗವಾಗಿರಲಿ. ಮುಚ್ಚೋ ಮೊದಲು ಎರಡೂ ವರದಿ ಮೇಜಿನ ಮೇಲೆ ಬರಲಿ, ಆಮೇಲಲ್ಲ. 2014ರಲ್ಲಿ ನಡೆದ ನಿಜವಾದ ತಪ್ಪು ಮುಚ್ಚಿದ್ದಲ್ಲ, ಬಾಗಿಲು ಹಾಕ್ಕೊಂಡು ಮುಚ್ಚಿದ್ದು. ಎರಡನೇದು, ಊರಿಗೆ ತಂಡ ಬೇಕಿದ್ರೆ ಊರೇ ದುಡ್ಡು ಹಾಕಲಿ, ಬರ್ಮಿಂಗ್‌ಹ್ಯಾಮ್ ಹಾಕಿದ ಹಾಗೆ. ಪ್ರೀತಿಗೆ ಅದಕ್ಕಿಂತ ಒಳ್ಳೇ ಪುರಾವೆ ಇಲ್ಲ. ಮೂರನೇದು, ಅದೂ ಸಾಲದಿದ್ರೆ ಐಡಾಹೊ ದಾರಿ ಇದೆ. ಇಳಿಯೋದು ಸಾಯೋದಲ್ಲ.

ಮತ್ತೆ ಆ ನರ್ಸಿಂಗ್ ಹುಡುಗಿ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದ ಪ್ರಕಾರ ವಿವಿಗಳು ಇನ್ಮೇಲೆ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದೊಂದು ವಿವಿ ಸುಮಾರು 2.05 ಕೋಟಿ ಡಾಲರ್‌ವರೆಗೆ. ಬೆವರು ಸುರಿಸೋ ಹುಡುಗರಿಗೆ ಅದು ನ್ಯಾಯವೇ. ಆದ್ರೆ ದೊಡ್ಡವರು ಅಷ್ಟು ಕೊಡುವಾಗ ಯುಎಬಿಯಂಥವರು ಎಲ್ಲಿಂದ ತರ್ತಾರೆ? ಅವಳ ಶುಲ್ಕದಿಂದ ಅಂತಾದ್ರೆ, ಆ ಕೋಣೆಯಲ್ಲಿ ಅವಳಿಗೂ ಒಂದು ಕುರ್ಚಿ ಇರಬೇಕು. 2014ರಲ್ಲಿ ಆಟಗಾರರನ್ನು ಕೇಳಲಿಲ್ಲ ಅಂತ ಇಡೀ ಊರು ಸಿಟ್ಟಾಯ್ತು. ಅವಳನ್ನ ಇವತ್ತಿನವರೆಗೂ ಯಾರೂ ಕೇಳಿಲ್ಲ.

ನೀವು ಆ ಅಧ್ಯಕ್ಷರ ಜಾಗದಲ್ಲಿ ಇದ್ದಿದ್ರೆ ಏನ್ ಮಾಡ್ತಿದ್ರಿ? ಮುಚ್ತಿದ್ರಾ, ಉಳಿಸ್ತಿದ್ರಾ, ಇಳಿಸ್ತಿದ್ರಾ? ಕಾಮೆಂಟಿನಲ್ಲಿ ಒಂದು ಸಾಲು ಬರೀರಿ, ಕಾರಣದ ಜೊತೆ. ಆಟದ ಹುಚ್ಚಿರೋ ಗೆಳೆಯರಿಗೆ, ಲೆಕ್ಕದ ಹುಚ್ಚಿರೋ ಗೆಳೆಯರಿಗೆ ಕಳಿಸಿ. ಆಮೇಲೆ ನಡೆಯೋ ಜಗಳಕ್ಕೆ ನಾನು ಹೊಣೆಯಲ್ಲ.

#ಇತಿಹಾಸ #ಕನ್ನಡದಲ್ಲಿಇತಿಹಾಸ #ಫುಟ್ಬಾಲ್ #ಬರ್ಮಿಂಗ್‌ಹ್ಯಾಮ್ #ವಿಶ್ವವಿದ್ಯಾಲಯ